ತೊಗರಿ ಬರುವ ದಾರಿಗೆ ಎದುರಾಗಿ: ಬೈಕ್ ಪ್ರಯಾಣದ ಮೊದಲ ಮೂರು ದಿನ

ನಮ್ಮ ಅಣ್ಣನ ಮಗ ಈ ಸಲ ರಾಶಿ ಮುಗಿದ ಕೂಡಲೇ ಬೈಕಿನಲ್ಲಿ ಆಫ್ರಿಕಕ್ಕೆ ಹೊರಟ. ಮುಂಬಯಿತನಕ ರಸ್ತೆ, ಅಲ್ಲಿಂದ ಬೈಕಿಗೆ ಹಡಗು. ಕೀನ್ಯಾದ ಮೊಂಬಾಸಾ ಬಂದರಿನಲ್ಲಿ ಇಳಿಸಿಕೊಂಡು ತಾಂಜಾನಿಯಾ, ಮಲಾವಿ, ಮೊಜಾಂಬಿಕ್. ಊರಲ್ಲಿ ಕೆಲವರು ನಕ್ಕರು. ನಾನು ನಗಲಿಲ್ಲ. ಅವನು ಹೊರಟಿದ್ದು ಸಿಂಹ ನೋಡಲಿಕ್ಕಲ್ಲ, ತೊಗರಿ ನೋಡಲಿಕ್ಕೆ.

ನಮ್ಮದು ಚಿಂಚೋಳಿ ತಾಲೂಕು. ಮನೆಗೆ ಎಂಟು ಎಕರೆ, ಎಲ್ಲ ಮಳೆ ನಂಬಿದ ಹೊಲ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಒಳ್ಳೇದೇ. ಆದರೆ ನಮ್ಮ ದರ ಬರೀ ಕಲಬುರಗಿ ಮಂಡಿಯಲ್ಲಿ ತೀರ್ಮಾನ ಆಗೂದಿಲ್ಲ. 2016ರ ಜುಲೈದಲ್ಲಿ ನಮ್ಮ ಸರಕಾರ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು: ಮೊದಲ ವರ್ಷ 1 ಲಕ್ಷ ಟನ್, ಏರುತ್ತ ಏರುತ್ತ 2020-21ಕ್ಕೆ 2 ಲಕ್ಷ ಟನ್. 2021ರಲ್ಲಿ ಮಲಾವಿ ಜೊತೆಗೂ ವರ್ಷಕ್ಕೆ 50 ಸಾವಿರ ಟನ್ನಿನ ಮಾತಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ತೊಗರಿ ಆಮದಿನ ಮೇಲಿದ್ದ ಮಿತಿ ತೆಗೆದರು. ಅವರ ಕಾಳು ಸೆಪ್ಟೆಂಬರಿನಿಂದ ನಮ್ಮ ಬಂದರುಗಳಿಗೆ ಬರತೊಡಗುತ್ತದೆ. ನಮ್ಮ ರಾಶಿ ಡಿಸೆಂಬರ್-ಜನವರಿ. ಇದರೊಳಗೆ ಎಲ್ಲಾ ಬಂತು.

ಹುಡುಗನ ತಕರಾರು ಒಂದೇ: "ಕಾಕಾ, ಅವರ ಬಗ್ಗೆ ವ್ಯಾಪಾರಿಗಳಿಗೆ ಗೊತ್ತದ, ದಿಲ್ಲಿಯವರಿಗೆ ಗೊತ್ತದ. ನಮಗ ಮಾತ್ರ ಗೊತ್ತಿಲ್ಲ."

ಅವನದು 100 ಸಿಸಿ ಬಜಾಜ್ ಗಾಡಿ. ದೊಡ್ಡ ಬೈಕ್ ಯಾಕೆ ಬೇಡ ಅಂದರೆ, ಪೂರ್ವ ಆಫ್ರಿಕದಲ್ಲಿ ಬಾಡಿಗೆಗೆ ಓಡುವ ಬೈಕುಗಳಲ್ಲಿ ನಮ್ಮ ಬಜಾಜ್, ಟಿವಿಎಸ್ ಬಹಳ ಇವೆಯಂತೆ. ಅಂಥ ಗಾಡಿ ರಿಪೇರಿ ಮಾಡೋರು ಸಣ್ಣ ಊರಲ್ಲೂ ಸಿಗುತ್ತಾರೆ. ಆ ನಾಲ್ಕೂ ದೇಶದಲ್ಲಿ ನಮ್ಮಂಗೇ ಎಡಕ್ಕೆ ಓಡಿಸಬೇಕು. ಕಾಗದಪತ್ರದ್ದೇ ದೊಡ್ಡ ಗೋಳು. ಆರ್‌ಟಿಓ ಕಚೇರಿಯಿಂದ ಒಂದು ವರ್ಷದ ಅಂತಾರಾಷ್ಟ್ರೀಯ ಲೈಸೆನ್ಸ್, ಗಾಡಿಗೆ ಕಾರ್ನೆ ಎಂಬ ಪುಸ್ತಕ (ಗಾಡಿಯ ಪಾಸ್‌ಪೋರ್ಟ್ ಅನ್ನಿ, ಅಲ್ಲೇ ಮಾರಿ ಬರಬಾರದು ಅಂತ ಠೇವಣಿ ಇಡಿಸಿಕೊಳ್ಳುತ್ತಾರೆ), ಹೊರಡೋಕೆ ಹತ್ತು ದಿನ ಮೊದಲೇ ಹಳದಿ ಜ್ವರದ ಚುಚ್ಚುಮದ್ದು. ಚುಚ್ಚುಮದ್ದಿಗೆ ಹೈದರಾಬಾದಿಗೆ ಹೋಗಿಬಂದ.

ಶಹಾಬಾದಿನತನಕ ನಾನೂ ನನ್ನ ಹಳೇ ಗಾಡಿ ಮೇಲೆ ಜೊತೆಗಿದ್ದೆ. ನೆಟ್ಟಗೆ ಹೋದರೆ ಒಂದೇ ದಿನದ ದಾರಿ. ನಾವು ಮೂರು ದಿನ ತೆಗೆದುಕೊಂಡೆವು. ದಾರಿಯ ರೈತರು ಅಲ್ಲಿಯ ರೈತರಿಗೆ ಏನು ಕೇಳಬೇಕು ಅಂತಾರೋ ಅದನ್ನು ಬರೆದುಕೊಳ್ಳಲಿಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದ.

ಚಿಂಚೋಳಿಯಲ್ಲಿ ಚಹಾದಂಗಡಿ ಮುಂದೆ ನಿಂತಾಗಲೇ ಮೊದಲ ಪುಟ ತುಂಬಿತು. ಎಲ್ಲರದೂ ನೆಟೆ ರೋಗದ ಮಾತು. 2022ರಲ್ಲಿ ಹೂ-ಕಾಯಿ ಹೊತ್ತಿನಲ್ಲಿ ನಿಂತ ನಿಂತಲ್ಲೇ ಹೊಲ ಒಣಗಿದ್ದನ್ನು ನಮ್ಮ ಜಿಲ್ಲೆಯವರು ಮರೆಯೋದಿಲ್ಲ. ಸೊರಗು ತಡೆಯುವ 'ಮಾರುತಿ' ತಳಿ ನಮ್ಮ ರಾಜ್ಯಕ್ಕೆ 1986ರಲ್ಲಿ ಬಂತು. ಮಲಾವಿಗೂ ಮರುವರ್ಷವೇ ಕೀನ್ಯಾ ಮೂಲದ ಒಂದು ಸೊರಗು ನಿರೋಧಕ ತಳಿ ಕೊಟ್ಟರು. ಎರಡರ ಹಿಂದೆಯೂ ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯ ಕೆಲಸ ಇದೆ. "ಅಲ್ಲಿ ಅದು ಇನ್ನಾ ತಡಕೊಂಡದೇನು? ಬೆಳಿ ಬದಲಿ ಮಾಡ್ತಾರೋ, ತೊಗರಿ ಮ್ಯಾಲ ತೊಗರೀನೇ ಹಾಕ್ತಾರೋ?" ಅಂತ ಒಬ್ಬ ಹಿರಿಯರು ಬರೆಸಿದರು. ನನ್ನ ಲೆಕ್ಕದಲ್ಲಿ ಇಡೀ ನೋಟ್‌ಬುಕ್ಕಿನಲ್ಲಿ ಇದೇ ತೂಕದ ಪ್ರಶ್ನೆ.

ಸೇಡಂ ಹತ್ತಿರ ಬೀಗರ ಮನೆಯಲ್ಲಿ ರಾತ್ರಿ ವಸ್ತಿ. ಅಲ್ಲಿ ಒಬ್ಬ ಮುತ್ಯಾ ಬಟ್ಟೆಯ ಗಂಟಿನಲ್ಲಿ ನಾಲ್ಕು ಹಿಡಿ ಜವಾರಿ ತೊಗರಿ ಬೀಜ ತಂದು, "ತಮ್ಮಾ, ಅಲ್ಲಿ ರೈತಗ ಕೊಡು, ಅವನ ಬೀಜ ನಮಗ ತಗೊಂಬಾ" ಅಂದ. ಎಂಥ ದೊಡ್ಡ ಮನಸ್ಸು! ಆದರೆ ಒಯ್ಯುವಂತಿಲ್ಲ. ಬೀಜದ ಜೊತೆ ರೋಗ, ಕೀಟ ದೇಶ ದಾಟುತ್ತವೆ. ಸಸ್ಯ ಆರೋಗ್ಯದ ಸರ್ಟಿಫಿಕೇಟ್, ಆ ದೇಶದ ಅನುಮತಿ ಇಲ್ಲದೆ ಒಂದು ಕಾಳೂ ದಾಟಬಾರದು. ಹೊರಗಿಂದ ಒಳಗೆ ತರಲಿಕ್ಕೂ ಅಷ್ಟೇ. ಹೊರದೇಶಕ್ಕೆ ಕೆಲಸಕ್ಕೆ ಹೋಗುವ ಮಕ್ಕಳಿರುವ ಮನೆಯವರು ಇದನ್ನು ನೆನಪಿಡಬೇಕು. ಮುತ್ಯಾಗೆ ತಿಳಿಸಿ ಹೇಳೋದು ಕಷ್ಟ ಆಯಿತು. ಕಡೆಗೆ ಬೀಜ, ಕಾಯಿ, ಹೊಲ ಮೂರರ ಫೋಟೋ ತೆಗೆದುಕೊಂಡೆವು.

ಆ ಮನೆಯ ಹೆಣ್ಣುಮಕ್ಕಳ ಪ್ರಶ್ನೆ ಬೇರೆ: "ಅವರು ಬ್ಯಾಳಿ ತಿಂತಾರೇನ್ರಿ?" ಕೀನ್ಯಾ ಕರಾವಳಿಯಲ್ಲಿ ತೊಗರಿಗೆ 'ಂಬಾಜಿ' ಅಂತಾರೆ, ಇಡಿ ಕಾಳನ್ನೇ ತೆಂಗಿನ ಹಾಲಿನಲ್ಲಿ ಬೇಯಿಸುತ್ತಾರೆ. ಮಲಾವಿಯಲ್ಲಿ ಹೆಸರು 'ನಂದೋಲೊ'. ಗೋವಿನಜೋಳದ ಸಾಲಿನ ನಡುವೆ ಹಾಕುತ್ತಾರೆ, ಎಂಟೊಂಬತ್ತು ತಿಂಗಳು ನಿಲ್ಲುತ್ತದೆ. ಕಟಗಿ ಒಲೆಗೆ. ಅದನ್ನು ಕೇಳಿ ಒಬ್ಬಾಕೆ, "ನಮ್ಮಂಗೇ ಆತಲ್ಲ" ಅಂದಳು.

ಎರಡನೇ ದಿನ ಚಿತ್ತಾಪುರ. ಬೇಳೆ ವ್ಯಾಪಾರ ಬಲ್ಲ ಒಬ್ಬರು ಹೊರಗಿನ ಕಾಳಿನ ಹೆಸರು ಹೇಳಿಕೊಟ್ಟರು: ತಾಂಜಾನಿಯಾದ್ದು ಅರುಷಾ ಮತ್ತು ಮಟವಾರಾ, ಮೊಜಾಂಬಿಕಿನದ್ದು ಗಜರಿ. "ನಿಮ್ಮ ಕಾಳಿನ ರುಚಿ ಇದಕ್ಕಿಲ್ಲ. ಆದರ ದರ ನೋಡಿ ಗಿರಣಿಯವರು ತಗೋತಾರ" ಅಂದರು. ಅವರಿಂದಲೇ 2017ರ ಮಾತೂ ಬಂತು. ಆ ಆಗಸ್ಟಿನಲ್ಲಿ ನಮ್ಮ ಸರಕಾರ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ನಮ್ಮಲ್ಲಿ ದರ ಬಿದ್ದಿದ್ದಕ್ಕೆ ಮಾಡಿದ್ದು, ತಪ್ಪು ಅನ್ನೋದಿಲ್ಲ. ಆದರೆ ನಮಗಾಗೇ ಬಿತ್ತಿ ಕೂತಿದ್ದ ಮಲಾವಿ, ಮೊಜಾಂಬಿಕಿನ ಸಣ್ಣ ರೈತರ ತೊಗರಿಯನ್ನು ಕೇಳೋರಿಲ್ಲದಂತಾಯಿತು. ದಿಲ್ಲಿಯ ಒಂದು ಆದೇಶಕ್ಕೆ ಎರಡು ಖಂಡದ ರೈತರು ಕಂಗಾಲು. ಹುಡುಗ ಅಲ್ಲೇ ಬರೆದುಕೊಂಡ: "ಆ ವರ್ಷ ನಿಮ್ಮ ಕಾಳು ಏನು ಮಾಡಿದಿರಿ?"

ವಾಡಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಜಂಕ್ಷನ್ ಊರು, ಮುಂಬಯಿ ರೈಲು ಇಲ್ಲೇ ಸಿಗುತ್ತದೆ. ಪೆಟ್ರೋಲ್ ಖಾಲಿ ಮಾಡಿ ಗಾಡಿಯನ್ನು ಪಾರ್ಸೆಲ್ ಹಾಕು ಅಂತ ಪರಿಚಯದವರು ಬುದ್ಧಿ ಹೇಳಿದರು. ಓಡಿಸಿಯೇ ಹೋಗ್ತೀನಿ, ಗಾಡಿಯ ಕುಂದುಕೊರತೆ ಇಲ್ಲೇ ಗೊತ್ತಾಗಲಿ ಅಂದ. ಅವನ ಮಾತು ಸರಿ ಇತ್ತು. ಶಹಾಬಾದ್ ಹತ್ತಿರ ಬರೂದರೊಳಗೆ ಪರಸಿ ಕಲ್ಲಿನ ಚೂರು ಹೊಕ್ಕು ಹಿಂದಿನ ಗಾಲಿ ಪಂಕ್ಚರ್. ಮುಂಬಯಿ ದಾರಿಯಲ್ಲಿ ಬೇಕಾಗುತ್ತದೆ ಅಂತ ಟ್ಯೂಬ್ ಬಿಚ್ಚಿ ತೇಪೆ ಹಾಕೋದನ್ನು ಅವನೇ ಮಾಡಿದ. ಮುಕ್ಕಾಲು ತಾಸು ಹಿಡಿಯಿತು.

ಅಲ್ಲಿ ಪರಸಿ ಕೆಲಸ ಮಾಡುವ ಒಬ್ಬ ಬಂದು ಪಂಪು ಹಿಡಿದ. ಎರಡೆಕರೆ ಹೊಲವೂ ಇದೆಯಂತೆ. ಅವನು ಕೇಳಿದ್ದು: "ಅಲ್ಲಿ ರಾಶಿ ಮಾಡೋ ಆಳಿಗೆ ದಿನಕ್ಕ ಎಷ್ಟು ಕೂಲಿ? ಕಾಳಿನ್ಯಾಗ ಕೊಡ್ತಾರೋ, ರೊಕ್ಕದಾಗೋ?"

ಮೂರನೇ ದಿನ ಬೆಳಗ್ಗೆ ಅವನು ಕಲಬುರಗಿ, ಸೊಲ್ಲಾಪುರದ ದಾರಿ ಹಿಡಿದ. ನೋಟ್‌ಬುಕ್ಕಿನಲ್ಲಿ ಆಗ 31 ಪ್ರಶ್ನೆ. ನಾನು ಬರೆಸಿದ್ದು ಒಂದು: 2025-26ಕ್ಕೆ ನಮ್ಮ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ, ಇಷ್ಟು ದೂರ ಬಂದರೂ ನಮಗಿಂತ ಅಗ್ಗಕ್ಕೆ ಬೀಳುವ ಆ ಕಾಳಿಗೆ ಬೆಳೆದವನ ಕೈಗೆ ಸಿಗೋದೆಷ್ಟು?

ಅವನು ಫೋನಿನಲ್ಲಿ ಹೇಳಿದ್ದನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ. ಕೇಳಿಸಬೇಕಾದ ಪ್ರಶ್ನೆ ಇದ್ದ ತೊಗರಿ ಬೆಳೆಗಾರರು ಪತ್ರಿಕೆಯ ವಿಳಾಸಕ್ಕೆ ಕಾರ್ಡು ಹಾಕಿದರೆ ಅವನಿಗೆ ಮುಟ್ಟಿಸುತ್ತೇನೆ.