ಸೋಯಾ ಅವರೆ, ಈಸ್ಟ್ರೋಜನ್ ಮತ್ತು ರಕ್ತನಾಳದ ಕ್ಯಾಲ್ಸಿಯಂ

ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳ ಸೋಯಾ ಅವರೆ ಬೆಳೆಗಾರರು, ವಿಶೇಷವಾಗಿ ರೈತ ಮಹಿಳೆಯರು, ತುಕ್ಕು ರೋಗದ ಪ್ರಶ್ನೆಗಳ ನಡುವೆ ಮತ್ತೊಂದನ್ನು ಕೇಳುವುದುಂಟು: ಸೋಯಾದಲ್ಲಿ ಸ್ತ್ರೀ ಹಾರ್ಮೋನನ್ನು ಹೋಲುವ ಅಂಶವಿದೆಯಂತೆ, ಅದನ್ನು ತಿಂದರೆ ರಕ್ತದೊತ್ತಡದ ಮಾತ್ರೆ ಬಿಡಬಹುದೇ? ಬಿಡಕೂಡದು. ಆದರೆ ಈ ನಂಬಿಕೆಯ ಹಿಂದೆ ಸ್ವಲ್ಪ ಸತ್ಯವೂ ಇರುವುದರಿಂದ ಕಾರಣವನ್ನು ತಾವು ತಿಳಿದಿರಬೇಕು.

ರಕ್ತನಾಳದ ಗೋಡೆಯಲ್ಲಿ ಅನೈಚ್ಛಿಕ ಸ್ನಾಯುಕೋಶಗಳ ಪದರವಿದೆ. ವಿಶ್ರಾಂತ ಸ್ಥಿತಿಯಲ್ಲಿ ಕೋಶದ ಹೊರಗಿನ ಕ್ಯಾಲ್ಸಿಯಂ ಸಾಂದ್ರತೆ ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಕೆರೆಯ ತೂಬು ಎತ್ತಿದಂತೆ ಕೋಶಪೊರೆಯ ದ್ವಾರ ತೆರೆದರೆ ಕ್ಯಾಲ್ಸಿಯಂ ಒಳನುಗ್ಗಿ, ಕಾಲ್ಮೊಡ್ಯುಲಿನ್ ಎಂಬ ಪ್ರೋಟೀನಿನೊಡನೆ ಸೇರಿ ಸ್ನಾಯುವನ್ನು ಸಂಕುಚಿಸುತ್ತದೆ. ನಾಳ ಕಿರಿದಾಗಿ ಒತ್ತಡ ಏರುತ್ತದೆ. ಅನೇಕರು ಸೇವಿಸುವ ಆಮ್ಲೋಡಿಪಿನ್ ಮಾತ್ರೆ ತಡೆಯುವುದು ಈ ದ್ವಾರವನ್ನೇ.

ಈಸ್ಟ್ರೋಜನ್ ಇಲ್ಲಿ ಎರಡು ಬಗೆಯಲ್ಲಿ ವರ್ತಿಸುತ್ತದೆ. ನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಈ ಅನಿಲ ಸ್ನಾಯುಕೋಶವನ್ನು ಸೇರಿ ಕ್ಯಾಲ್ಸಿಯಂ ಮಟ್ಟವನ್ನು ಇಳಿಸುತ್ತದೆ. ಎರಡನೆಯದಾಗಿ, ಸ್ನಾಯುಕೋಶದ ಪೊಟ್ಯಾಸಿಯಂ ದ್ವಾರಗಳು ತೆರೆಯಲು ನೆರವಾಗುತ್ತದೆ. ಪೊಟ್ಯಾಸಿಯಂ ಹೊರಹೋದಾಗ ಕೋಶದ ಒಳಭಾಗ ಇನ್ನಷ್ಟು ಋಣವಿದ್ಯುದಂಶ ಪಡೆಯುವುದರಿಂದ ಕ್ಯಾಲ್ಸಿಯಂ ದ್ವಾರಗಳು ಸುಲಭವಾಗಿ ತೆರೆಯುವುದಿಲ್ಲ. ಪ್ರಯೋಗಾಲಯದಲ್ಲಿ ಬೇರ್ಪಡಿಸಿದ ರಕ್ತನಾಳದ ತುಂಡುಗಳು ಕೆಲವೇ ನಿಮಿಷಗಳಲ್ಲಿ ಸಡಿಲಗೊಳ್ಳುವುದನ್ನು ಕಾಣಬಹುದು. ಆದರೆ ಅಂತಹ ಬಹುತೇಕ ಪ್ರಯೋಗಗಳಲ್ಲಿ ಬಳಸಿದ ಪ್ರಮಾಣ ದೇಹದಲ್ಲಿರುವುದಕ್ಕಿಂತ ಬಹಳ ಹೆಚ್ಚು. ಪತ್ರಿಕಾ ವರದಿಗಳು ಬಿಟ್ಟುಬಿಡುವ ವಿವರವಿದು.

ಹಾರ್ಮೋನನ್ನೇ ಕೊಟ್ಟು ನೋಡಿದ ಅನುಭವವೂ ಎಚ್ಚರಿಸುತ್ತದೆ. ಅಮೆರಿಕದಲ್ಲಿ ಮುಟ್ಟು ನಿಂತ ಮಹಿಳೆಯರಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಒಟ್ಟಿಗೆ ನೀಡಿದ ದೊಡ್ಡ ಪ್ರಯೋಗವನ್ನು 2002ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚಿತ್ತು.

ಸೋಯಾದ ಜೆನಿಸ್ಟೀನ್, ಡೈಡ್ಜೀನ್ ಎಂಬ ಐಸೊಫ್ಲೇವೋನುಗಳು ರಚನೆಯಲ್ಲಿ ಈಸ್ಟ್ರೋಜನ್ನನ್ನು ಹೋಲುತ್ತವೆ, ಆದರೆ ಬಲದಲ್ಲಿ ಬಹಳ ದುರ್ಬಲ. ರಕ್ತದೊತ್ತಡದ ಮೇಲೆ ಇವುಗಳ ಪರಿಣಾಮ ಅಲ್ಪ, ಎಲ್ಲರಲ್ಲೂ ಒಂದೇ ಸಮನಲ್ಲ. ಸೋಯಾ ಎಣ್ಣೆಯಲ್ಲಂತೂ ಇವು ಇಲ್ಲವೆನ್ನುವಷ್ಟು ಕಡಿಮೆ.

ಆದ್ದರಿಂದ ಸೋಯಾವನ್ನು ಪ್ರೋಟೀನಿಗಾಗಿ ಬಳಸಿರಿ. ಹಸಿ ಕಾಳಿನಲ್ಲಿ ಜೀರ್ಣಕ್ರಿಯೆಗೆ ಅಡ್ಡಿಪಡಿಸುವ ಟ್ರಿಪ್ಸಿನ್ ಪ್ರತಿಬಂಧಕವಿರುವುದರಿಂದ ನೆನೆಸಿ, ಚೆನ್ನಾಗಿ ಬೇಯಿಸಿರಿ. ಥೈರಾಯ್ಡ್ ಮಾತ್ರೆ ಸೇವಿಸುವವರು ಅದರ ಜೊತೆಯಲ್ಲೇ ಸೋಯಾ ತಿನ್ನಬಾರದು. ಮಾತ್ರೆ ಹೀರಿಕೆಯಾಗುವುದು ಕುಗ್ಗುತ್ತದೆ. ಎಷ್ಟು ಅಂತರವಿರಬೇಕೆಂಬುದನ್ನು ತಮ್ಮ ವೈದ್ಯರಲ್ಲಿ ಕೇಳಿರಿ.