ಇಟ್ಟಿಗೆಯ ಒಲೆಯೂ ಅಜ್ಜಿಯ ಓಡೂ

ಕಾರ್ಯನಿಮಿತ್ತವಾಗಿ ಬೆಂಗಳೂರಿಗೆ ಹೋಗಿದ್ದ ನಾವು ಮೂವರು – ಒಬ್ಬರು ಬಂಟ್ವಾಳದವರು, ಒಬ್ಬರು ಬೆಳ್ತಂಗಡಿಯವರು, ಇನ್ನೊಬ್ಬರು ಮೂಡುಬಿದಿರೆಯವರು – ಒಂದು ಸಂಜೆ ಹಸಿವನ್ನು ತಣಿಸಿಕೊಳ್ಳಲು ಅಲ್ಲಿಯ ಒಂದು ಪಿಜ್ಜಾ ಹೋಟೆಲನ್ನು ಹೊಕ್ಕೆವು. ಆಡಂಬರವಿಲ್ಲದ ಸ್ಥಳ, ಮರದ ಬೆಂಚುಗಳು, ಹರಟುತ್ತ ಕುಳಿತ ವಿದ್ಯಾರ್ಥಿಗಳು. ಒಂದು ಮೂಲೆಯಲ್ಲಿ ಇಟ್ಟಿಗೆಯಿಂದ ಕಟ್ಟಿದ ಗುಮ್ಮಟದಾಕಾರದ ಒಲೆ. ಅದರೊಳಗೆ ಒಂದು ಪಕ್ಕದಲ್ಲಿ ಸೌದೆ ಉರಿಯುತ್ತಿತ್ತು. ಬಾಣಸಿಗನು ನಾದಿದ ಹಿಟ್ಟನ್ನು ಕೈಯಿಂದಲೇ ತಟ್ಟಿ ಹರಡಿ, ಟೊಮೆಟೊ ರಸವನ್ನು ಸವರಿ, ಚೀಸಿನ ತುಣುಕುಗಳನ್ನು ಉದುರಿಸಿ, ಉದ್ದ ಹಿಡಿಯ ಸಲಿಕೆಯ ಮೇಲಿಟ್ಟು ಒಲೆಯ ನೆಲದ ಮೇಲೆ ಜಾರಿಸಿದನು. ನಮ್ಮಲ್ಲೊಬ್ಬರು ಗಡಿಯಾರವನ್ನು ನೋಡಿದರು. ಒಂದೂವರೆ ನಿಮಿಷ ತುಂಬುವಷ್ಟರಲ್ಲಿ ಪಿಜ್ಜಾ ಹೊರಬಂದಿತ್ತು. ಅಂಚು ಉಬ್ಬಿ ಅಲ್ಲಲ್ಲಿ ಕರಿಯ ಬೊಟ್ಟುಗಳನ್ನು ಹೊತ್ತಿತ್ತು. ಒಳಗು ಮಾತ್ರ ಹತ್ತಿಯಂತೆ ಮೃದು.

ಮೊದಲ ತುತ್ತನ್ನು ಬಾಯಿಗಿಟ್ಟ ಬೆಳ್ತಂಗಡಿಯ ಮಿತ್ರರು, “ಇದರ ಅಡಿಭಾಗ ನಮ್ಮ ಅಜ್ಜಿಯ ಓಡುದೋಸೆಯ ಹಾಗೆಯೇ ಉಂಟಲ್ಲ ಮಾರಾಯ್ರೇ!” ಎಂದರು. ನಾವು ನಕ್ಕೆವು. ಆದರೆ ಯೋಚಿಸಿದಷ್ಟೂ ಆ ಮಾತಿನಲ್ಲಿ ನಗುವುದಕ್ಕಿಂತ ತಿಳಿಯುವುದೇ ಹೆಚ್ಚು ಇದೆಯೆಂದು ತೋರಿತು.

ಮನೆಯ ವಿದ್ಯುತ್ ಒಲೆಯಲ್ಲಿ ಹತ್ತು ನಿಮಿಷವಾದರೂ ಹಿಡಿಯುವ ಪಿಜ್ಜಾ ಇಲ್ಲಿ ಒಂದೂವರೆ ನಿಮಿಷದಲ್ಲಿ ಬೇಯುವುದು ಹೇಗೆ? ಉಷ್ಣವು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಲು ಮೂರು ದಾರಿಗಳಿವೆಯೆಂಬುದನ್ನು ವಿದ್ಯಾರ್ಥಿಗಳು ಬಲ್ಲರು: ವಹನ, ಸಂವಹನ, ವಿಕಿರಣ. ಇಟ್ಟಿಗೆಯ ಒಲೆಯಲ್ಲಿ ಮೂರೂ ದುಡಿಯುತ್ತವೆ. ಬಿಸಿ ನೆಲವು ತನಗೆ ತಾಗಿದ ಹಿಟ್ಟಿಗೆ ವಹನದಿಂದ ಉಷ್ಣವನ್ನು ಕೊಡುತ್ತದೆ. ಕಮಾನಿನಡಿಯಲ್ಲಿ ಸುಳಿಯುವ ಬಿಸಿಗಾಳಿ ಸಂವಹನದಿಂದ. ಕಾದ ಕಮಾನು ಮತ್ತು ಜ್ವಾಲೆ ವಿಕಿರಣದಿಂದ.

ಇವುಗಳಲ್ಲಿ ವಿಕಿರಣದ ಪಾತ್ರ ವಿಶೇಷವಾದುದು. ಕಾದ ವಸ್ತು ಹೊರಸೂಸುವ ಉಷ್ಣವು ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂದು ಸ್ಟೆಫಾನ್–ಬೋಲ್ಟ್ಸ್‌ಮನ್ ನಿಯಮ ಹೇಳುತ್ತದೆ. ಮನೆಯ ಒಲೆಯ ಉಷ್ಣತೆ 250 ಡಿಗ್ರಿ ಸೆಲ್ಸಿಯಸ್, ಎಂದರೆ 523 ಕೆಲ್ವಿನ್ ಎನ್ನೋಣ. ಇಟ್ಟಿಗೆಯ ಒಲೆಯದು 450 ಡಿಗ್ರಿ, ಎಂದರೆ 723 ಕೆಲ್ವಿನ್. 723ನ್ನು 523ರಿಂದ ಭಾಗಿಸಿ, ಬಂದುದನ್ನು ನಾಲ್ಕು ಬಾರಿ ಗುಣಿಸಿ ನೋಡಿದರೆ ಸುಮಾರು ಮೂರೂವರೆ ಪಟ್ಟಿಗೂ ಮಿಗಿಲಾದ ಉತ್ತರ ಬರುತ್ತದೆ. ಇದರಿಂದ ಮೇಲ್ಮೈ ಬೇಗನೆ ಕೆಂಪಾಗುತ್ತದೆ. ಒಳಗಿನ ನೀರು ಆರಿಹೋಗಲು ಸಮಯ ಸಿಗುವುದಿಲ್ಲ. ಹೊರಗೆ ಗರಿ, ಒಳಗೆ ಮೃದು ಎಂಬುದರ ಗುಟ್ಟು ಇದೇ.

ಆದರೆ ಇಷ್ಟು ಬಿಸಿಯಾದ ನೆಲದ ಮೇಲೆ ಹಿಟ್ಟಿನ ಅಡಿಯು ಸುಟ್ಟು ಕರಕಲಾಗಬೇಡವೆ? ಇದಕ್ಕೆ ಉತ್ತರವನ್ನು ಮೂಡುಬಿದಿರೆಯ ಮಿತ್ರರು ತಮ್ಮ ಊರಿನಿಂದಲೇ ಕೊಟ್ಟರು. ಅಲ್ಲಿ 1430ರ ಸುಮಾರಿಗೆ ನಿರ್ಮಾಣವಾದ ಸಾವಿರ ಕಂಬದ ಬಸದಿಯಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿಟ್ಟರೆ ಪಾದ ಚುರುಗುಟ್ಟುತ್ತದೆ. ಅದೇ ಬಿಸಿಲಿನಲ್ಲಿ ಹಾಸಿದ ತೆಂಗಿನ ನಾರಿನ ಚಾಪೆಯ ಮೇಲಾದರೆ ನಿಲ್ಲಬಹುದು. ಕಬ್ಬಿಣದ ತಗಡಿನ ಮೇಲೆ ನಿಲ್ಲುವ ಮಾತೇ ಇಲ್ಲ. ಮೂರನ್ನೂ ಕಾಯಿಸಿದವನು ಒಬ್ಬನೇ ಸೂರ್ಯ. ವ್ಯತ್ಯಾಸವಿರುವುದು ತಮ್ಮಲ್ಲಿರುವ ಉಷ್ಣವನ್ನು ಅವು ಎಷ್ಟು ಚುರುಕಾಗಿ ನಮ್ಮ ಪಾದಕ್ಕೆ ಒಪ್ಪಿಸುತ್ತವೆ ಎಂಬುದರಲ್ಲಿ. ಲೋಹವು ಉದಾರಿ, ನಾರು ಜಿಪುಣ. ಕಲ್ಲು ಮತ್ತು ಸುಟ್ಟ ಮಣ್ಣು ಇವೆರಡರ ನಡುವೆ.

ಈ ವಿಷಯವನ್ನು ಆಂದ್ರೆ ವರ್ಲಾಮೊವ್ ಮತ್ತು ಆಂದ್ರೆಯಾಸ್ ಗ್ಲಾಟ್ಸ್ ಎಂಬ ಭೌತವಿಜ್ಞಾನಿಗಳು, ಸೆರ್ಜಿಯೊ ಗ್ರಾಸೊ ಎಂಬವರೊಡನೆ ಕೂಡಿ, 2018ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅವರ ಉದಾಹರಣೆಯಲ್ಲಿ ಒಲೆಯ ಉಷ್ಣತೆ 330 ಡಿಗ್ರಿ. ನೆಲವು ಇಟ್ಟಿಗೆಯದಾದರೆ ಅದೂ ಹಿಟ್ಟೂ ಕೂಡುವ ಸ್ಥಳದ ಉಷ್ಣತೆ 200 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಉಕ್ಕಿನದಾದರೆ ಸುಮಾರು 300ಕ್ಕೆ ಏರುತ್ತದೆ. ಮೊದಲನೆಯದರಲ್ಲಿ ರೊಟ್ಟಿ ಬೇಯುತ್ತದೆ, ಎರಡನೆಯದರಲ್ಲಿ ಇದ್ದಿಲಾಗುತ್ತದೆ. ಉಕ್ಕಿನ ತಟ್ಟೆಯಲ್ಲಿ ಬೇಯಿಸಬೇಕಾದರೆ ಒಲೆಯ ಬಿಸಿಯನ್ನೇ ಇಳಿಸಬೇಕು. ಆಗ ಮೇಲಿನ ವಿಕಿರಣವೂ ಕುಗ್ಗಿ ಬೇಯುವ ಕಾಲ ಹೆಚ್ಚುತ್ತದೆ.

ಇನ್ನು ಅಜ್ಜಿಯ ಓಡುದೋಸೆಗೆ ಬರೋಣ. ತುಳುನಾಡಿನ ಮನೆಗಳಲ್ಲಿ ಕುಂಬಾರರು ಮಾಡಿದ ಮಣ್ಣಿನ ಓಡನ್ನು ಒಲೆಯ ಮೇಲೆ ಕಾಯಿಸಿ, ಅಕ್ಕಿಹಿಟ್ಟನ್ನು ಹೊಯ್ದು, ಮಣ್ಣಿನ ಮುಚ್ಚಳವನ್ನು ಮುಚ್ಚುತ್ತಾರೆ. ದೋಸೆಯನ್ನು ಮಗುಚುವ ಪದ್ಧತಿಯಿಲ್ಲ. ಕೆಳಗಿನ ಓಡು ಪಿಜ್ಜಾ ಒಲೆಯ ನೆಲದ ಕೆಲಸವನ್ನೇ ಮಾಡುತ್ತದೆ: ಉರಿಯ ಏರಿಳಿತವನ್ನು ತನ್ನಲ್ಲಿ ಅಡಗಿಸಿಕೊಂಡು, ಹದವಾಗಿ ಉಷ್ಣವನ್ನು ಬಿಟ್ಟುಕೊಡುತ್ತದೆ. ಮುಚ್ಚಳ ಮಾತ್ರ ಕಮಾನಿಗೆ ಸಮನಲ್ಲ. ಅದು ಅಷ್ಟೊಂದು ಕಾಯುವುದಿಲ್ಲ. ಹಿಟ್ಟಿನಿಂದೆದ್ದ ಹಬೆಯನ್ನು ತಡೆದು ನಿಲ್ಲಿಸುತ್ತದೆ. ಹಬೆಯ ಉಷ್ಣತೆ 100 ಡಿಗ್ರಿಯ ಹತ್ತಿರ. ಆಹಾರವನ್ನು ಕೆಂಪಾಗಿಸಿ ಪರಿಮಳ ಕೊಡುವ ರಾಸಾಯನಿಕ ಕ್ರಿಯೆ – 1912ರಲ್ಲಿ ಅದನ್ನು ವರ್ಣಿಸಿದ ಫ್ರಾನ್ಸಿನ ಮೈಲಾರ್ಡನ ಹೆಸರು ಅದಕ್ಕಿದೆ – ಚುರುಕಾಗಿ ನಡೆಯಲು ಸುಮಾರು 140 ಡಿಗ್ರಿಯಾದರೂ ಬೇಕು. ಆದುದರಿಂದಲೇ ಓಡುದೋಸೆಯ ಅಡಿ ಕೆಂಪು, ಮೇಲ್ಭಾಗ ಮಲ್ಲಿಗೆಯಂತೆ ಬಿಳುಪು. ಪಿಜ್ಜಾ ಮಾತ್ರ ಎರಡೂ ಕಡೆ ಕೆಂಪು.

ಬಂಟ್ವಾಳದ ಮಿತ್ರರು ಈ ಮಾತಿಗೆ ತಮ್ಮೂರ ಪಕ್ಕದಲ್ಲಿ ಹರಿಯುವ ನೇತ್ರಾವತಿಯನ್ನು ಸೇರಿಸಿದರು. ಆ ನದಿಯ ಕೆಳದಂಡೆಯ ಮಣ್ಣನ್ನು ನೆಚ್ಚಿ 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಸುಟ್ಟ ಮಣ್ಣಿನ ಗುಣವನ್ನು ನಮ್ಮ ಜಿಲ್ಲೆಯವರು ತಲೆಯ ಮೇಲಿನ ಮಾಡಿನಲ್ಲೂ ಒಲೆಯ ಮೇಲಿನ ಓಡಿನಲ್ಲೂ ಕಂಡುಕೊಂಡವರೇ.

ಇಷ್ಟಾದ ಮೇಲೆ ಬೆಳ್ತಂಗಡಿಯ ಮಿತ್ರರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ, “ಆ ದೋಸೆಯ ರುಚಿ ನೆನಪಾದರೆ ಅಜ್ಜಿಯ ಕೆಮ್ಮೂ ನೆನಪಾಗುತ್ತದೆ” ಎಂದರು. ಮಳೆಗಾಲದ ಹಸಿ ಸೌದೆ, ಊದುಗೊಳವೆ, ಮಸಿ ಹಿಡಿದ ಅಟ್ಟ, ನೀರಿಳಿಯುವ ಕಣ್ಣುಗಳು – ನಮಗೆಲ್ಲ ಪರಿಚಿತವಾದ ಚಿತ್ರವೇ. ಹೋಟೆಲಿನ ಒಲೆಯಲ್ಲಿಯೂ ಉರಿಯುವುದು ಸೌದೆಯೇ. ಆದರೆ ಅದು ಒಣಗಿದ ಸೌದೆ; ಸುತ್ತಲಿನ ಇಟ್ಟಿಗೆ ಕಾದಿರುವುದರಿಂದ ಸೌದೆಯಿಂದೆದ್ದ ಅನಿಲಗಳು ಹೆಚ್ಚು ಪೂರ್ಣವಾಗಿ ಉರಿಯುತ್ತವೆ; ಉಳಿದ ಹೊಗೆಯನ್ನು ಚಿಮಣಿ ಹೊರಗೊಯ್ಯುತ್ತದೆ. ತೆರೆದ ಒಲೆಯಲ್ಲಿ ಜ್ವಾಲೆಯು ಪಾತ್ರೆಯ ತಂಪಾದ ಅಡಿಗೆ ತಾಗಿ ಅರ್ಧದಲ್ಲೇ ನಂದುತ್ತದೆ. ಉರಿಯದೆ ಉಳಿದದ್ದು ಸೂಕ್ಷ್ಮ ಕಣಗಳೂ ಕಾರ್ಬನ್ ಮಾನಾಕ್ಸೈಡೂ ಆಗಿ ಅಡುಗೆಯವಳ ಶ್ವಾಸಕೋಶವನ್ನು ಸೇರುತ್ತದೆ. ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಮೃತರಾದರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ವಿಜ್ಞಾನಿಗಳು ಇದನ್ನು ಕಡೆಗಣಿಸಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರವಿಜ್ಞಾನ ವಿಭಾಗವು ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ ‘ಅಸ್ತ್ರ ಒಲೆ’ಯನ್ನು ರೂಪಿಸಿತು. ಅಡುಗೆ ಅನಿಲವೂ ಬಂದಿತು. 2016ರ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಅದು ತಲಪತೊಡಗಿತು.

ಹಾಗಾದರೆ ಹೊಗೆಯೊಡನೆ ರುಚಿಯೂ ಹೋಗಬೇಕೆ? ಒಂದೂವರೆ ನಿಮಿಷದಲ್ಲಿ ಹಿಟ್ಟಿಗೆ ಹತ್ತುವ ಹೊಗೆ ಅತ್ಯಲ್ಪ. ನಾವು ಸೌದೆಯ ರುಚಿಯೆಂದು ಮೆಚ್ಚುವುದರಲ್ಲಿ ಬಹುಪಾಲು ಕಾದ ಮಣ್ಣಿನ ಕೊಡುಗೆ. ಆ ಮಣ್ಣು ತನಗೆ ಉಷ್ಣ ಸೌದೆಯಿಂದ ಬಂತೋ ಅನಿಲದಿಂದ ಬಂತೋ ಎಂದು ಕೇಳುವುದಿಲ್ಲ. ಅನಿಲದ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಓಡನ್ನು ನಿಧಾನವಾಗಿ ಕಾಯಿಸಿ ನೋಡಬಹುದು. ಆದರೆ ಒದ್ದೆಯಾದ ಓಡನ್ನು ಉರಿಗಿಡಬಾರದು. ರಂಧ್ರಗಳಲ್ಲಿರುವ ನೀರು ಹಬೆಯಾಗಿ ಹಿಗ್ಗಿ ಅದನ್ನು ಸೀಳೀತು.

ಊರಿಗೆ ಮರಳಿದ ಮೇಲೆ ನಮ್ಮ ಬೆಳ್ತಂಗಡಿಯ ಮಿತ್ರರು ಅಟ್ಟದಿಂದ ಹಳೆಯ ಓಡನ್ನು ಇಳಿಸಿ, ತೊಳೆದು, ಎರಡು ದಿನ ಬಿಸಿಲಿನಲ್ಲಿ ಒಣಗಿಸಿದರು. ಮುಂದಿನ ಭಾನುವಾರ ನಾವು ಮೂವರೂ ಅಲ್ಲಿ ಸೇರಿದೆವು. ದೋಸೆಯ ಅಡಿ ಕೆಂಪಗಿತ್ತು, ಮೇಲ್ಭಾಗ ಬೆಳ್ಳಗಿತ್ತು. ಅಡುಗೆಮನೆಯಲ್ಲಿ ಯಾರೂ ಕೆಮ್ಮಲಿಲ್ಲ.