ತಾಕತ್ತಿನ ಮಾತುಗಳು

ರಾಯಚೂರಿನಾಗ ಹುಡುಗರು ಜಿಮ್‌ಗೆ ಹೋಗ್ತಾರೆ. "ಪ್ರೋಟೀನ್ ಬೇಕು" ಅಂತಾರೆ. ಅಕ್ಕಾ, ಅದು ನಿಮಗೂ ಬೇಕು. ದೇವದುರ್ಗದ ಹೊಲದಾಗ ದಿನವೆಲ್ಲ ಹತ್ತಿ ಬಿಡಿಸ್ತೀರಿ. ಮನೆಗೆ ಬಂದು ನೀರು ಹೊರ್ತೀರಿ, ರೊಟ್ಟಿ ಬಡೀತೀರಿ. ಇದೇನು ಕಡಿಮೆ ಕಸರತ್ತೇ?

ಪ್ರೋಟೀನ್ ಮಾಂಸಖಂಡ ಕಟ್ಟುವ ಅಂಶ. 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಜೋಳದಲ್ಲೂ ಇದೆ, ಆದರೆ ಅರೆಬರೆ. ಆ ಕೊರತೆಯನ್ನು ತೊಗರಿಬ್ಯಾಳಿ ತುಂಬುತ್ತದೆ. ಆದರೆ ನಾವು ಎಲ್ಲರದೂ ಊಟ ಆದ ಮೇಲೆ ಉಣ್ತೀವಿ. ಆಗ ಗಡಿಗೆಯಲ್ಲಿ ಬರೀ ತಿಳಿನೀರು!

ಇನ್ನೊಂದು ಮಾತು ಹಿಮೋಗ್ಲೋಬಿನ್. ಇದು ರಕ್ತದ ಕೆಂಪು ಅಂಶ. ಉಸಿರಿನ ಗಾಳಿಯನ್ನು ಮೈಗೆಲ್ಲ ಒಯ್ಯುತ್ತದೆ. ಇದು ಕಡಿಮೆಯಾದರೆ ರಕ್ತಹೀನತೆ. ನಡೆದರೆ ಏದುಸಿರು, ಎದ್ದರೆ ಕಣ್ಣಿಗೆ ಕತ್ತಲೆ. "ಕೆಲಸದ ಸುಸ್ತು" ಅಂತ ಸುಮ್ಮನಾಗಬೇಡಿ. ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಚೀಟಿಯನ್ನು ನೀವೇ ಓದಿ. ಹೆಂಗಸರಿಗೆ 12 ಇರಬೇಕು, ಬಸುರಿಯರಿಗೆ 11.

ಕಬ್ಬಿಣದ ಗುಳಿಗೆ ಕೊಟ್ಟರೆ ಬಿಡದೆ ನುಂಗಿ. ಸಂಡಾಸು ಕಪ್ಪಾದರೆ ಹೆದರಬೇಡಿ. ಗುಳಿಗೆ ಜೊತೆ ಚಹಾ ಬೇಡ, ಲಿಂಬೆ ನೀರು ಒಳ್ಳೇದು.

ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಯೋಜನೆಯೇ ಮಾತೃಪೂರ್ಣ. ಇದನ್ನು ಮೊದಲು ನಡೆಸಿ ನೋಡಿದ ತಾಲೂಕುಗಳಲ್ಲಿ ನಮ್ಮ ಮಾನ್ವಿಯೂ ಒಂದು. 2017ರ ಅಕ್ಟೋಬರಿನಲ್ಲಿ ಇಡೀ ರಾಜ್ಯಕ್ಕೆ ಬಂತು. ಅಲ್ಲಿ ಕೊಟ್ಟ ಮೊಟ್ಟೆಯನ್ನು ಸೆರಗಿನಾಗ ಕಟ್ಟಿಕೊಂಡು ಮಕ್ಕಳಿಗೆ ಒಯ್ಯುವವರಿದ್ದಾರೆ. ತಾಯಿ ಕರುಳು, ಗೊತ್ತು. ಆದರೂ ಆ ಮೊಟ್ಟೆ ನಿಮ್ಮದು. ಅಲ್ಲೇ ಕೂತು ತಿನ್ನಿ.